ಹಸಿವಿಲ್ಲದ ಏಕಾದಶಿ

ಬಸವನ ಬಾಗೇವಾಡಿ
೯ ಜುಲೈ ೨೦೨೫

ಚಿ. ಶ್ರೀವಾಣಿಗೆ ಅವ್ವನ ಆಶೀರ್ವಾದ.

ಫೋನಿನ ಕಾಲದಲ್ಲಿ ಟಪಾಲು ಬಂತೆಂದು ನೀನು ನಗುತ್ತೀ. ನಗು. ನನಗೆ ಸ್ಪೀಕರ್ ಹಾಕದೆ ಕೇಳಿಸುವುದಿಲ್ಲ, ಸ್ಪೀಕರ್ ಹಾಕಿದರೆ ಅಡುಗೆಮನೆಯಲ್ಲಿರುವ ಸೊಸೆ ಸುರೇಖಾಳಿಗಷ್ಟೇ ಅಲ್ಲ, ಎದುರು ಮನೆಯ ಕಟ್ಟೆಗೂ ಕೇಳಿಸುತ್ತದೆ. ಮೊನ್ನೆ ನೀನು "ಅವ್ವಾ, ಸೂಜಿ ತಗೊಂಡ್ಯಾ?" ಎಂದು ಕೇಳಿದ ಕೂಡಲೇ ನಿನ್ನ ಅಣ್ಣ ಶ್ರೀವಲ್ಲಭ ಪೇಪರಿನಿಂದ ತಲೆಯೆತ್ತಿದ. ರವಿಕೆಗೆ ಗುಂಡಿ ಹಚ್ಚುವುದಿತ್ತು ಎಂದು ಏನೋ ಹೇಳಿ ಪಾರಾದೆ. ಇನ್ನು ಮೇಲೆ ಈ ವಿಷಯವೆಲ್ಲ ಕಾಗದದಲ್ಲಿ. ನನ್ನ ಹೆಸರಿಗೆ ಬಂದ ಟಪಾಲನ್ನು ನಮ್ಮ ಮನೆಯಲ್ಲಿ ಯಾರೂ ಒಡೆಯುವುದಿಲ್ಲ, ಅಷ್ಟು ಮರ್ಯಾದೆ ಇನ್ನೂ ಉಳಿದಿದೆ.

ಸಿಂದಗಿಯ ಕೌಸರ ಡಾಕ್ಟರಬಾಯಿ ನಿನ್ನೆದುರಿಗೇ ಹೇಳಿಕೊಟ್ಟ ಹಾಗೆ ಪ್ರತಿ ಶನಿವಾರ ತೂಕ ಇಳಿಸುವ ಸೂಜಿಯನ್ನು ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದೇನೆ. ಸ್ನಾನಕ್ಕಿಂತ ಮುಂಚೆ ಮೈಲಿಗೆಯಲ್ಲೇ ಆ ಕೆಲಸ ಮುಗಿಸಿ ಆಮೇಲೆ ಮಡಿ. ಔಷಧ ತುಂಬಿದ ಆ ಸೂಜಿಯ ಪೆನ್ನು ಫ್ರಿಜ್ಜಿನಲ್ಲಿ ನಿಂಬೆ ಉಪ್ಪಿನಕಾಯಿಯ ಹಿಂದೆ, ಊದುಬತ್ತಿಯ ಖಾಲಿ ಡಬ್ಬಿಯೊಳಗೆ ಇದೆ. ಅಳತೆ ಮಾಡಿ ಮಾಡಿಸಿದ ಹಾಗೆ ಕೂತಿದೆ. ಮೊದಲ ಎರಡು ವಾರ ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು, ಈಗ ಅಷ್ಟಿಲ್ಲ. ಒಂದು ಭಕ್ಕರಿ ಮುಗಿಯುವಷ್ಟರಲ್ಲಿ ಉಂಡದ್ದು ಗಂಟಲ ತನಕ ಬಂದು ನಿಂತ ಹಾಗಾಗುತ್ತದೆ, ಎದ್ದುಬಿಡುತ್ತೇನೆ. ತೇಗಿನ ವಾಸನೆಯ ಬಗ್ಗೆ ಬರೆಯಲಾರೆ. ಮೋರಿ ಕಟ್ಟಿದೆ ಎಂದು ಸುರೇಖಾ ಎರಡು ಸಲ ಫಿನಾಯಿಲ್ ಹಾಕಿದಳು ಪಾಪ, ನಾನು ಏನೂ ತಿಳಿಯದವಳಂತೆ ಕೂತಿದ್ದೆ. ತೂಕ ತೊಂಬತ್ತನಾಲ್ಕಿದ್ದದ್ದು ತೊಂಬತ್ತಕ್ಕೆ ಬಂದಿದೆ. ಎಂಬತ್ತಕ್ಕೆ ಇಳಿಯದೆ ಮೊಣಕಾಲಿನ ಆಪರೇಷನ್ ಇಲ್ಲ ಎಂದು ವಿಜಯಪುರದ ಡಾಕ್ಟರು ಹೇಳಿದ್ದಾರಲ್ಲ, ಇದೇ ರೀತಿ ನಡೆದರೆ ಸಂಕ್ರಾಂತಿಯೊಳಗೆ ಆದೀತು.

ಆಷಾಢ ಏಕಾದಶಿ ಹೇಗೆ ಹೋಯಿತು ಗೊತ್ತೇ? ನಿನಗೆ ಮುಚ್ಚುಮರೆ ಏನು, ನನ್ನ ನಿರ್ಜಲ ಏಕಾದಶಿಯ ಹೆಸರು ದೊಡ್ಡದು, ಒಳಗಿನ ಕಥೆ ಬೇರೆ. ಮಧ್ಯಾಹ್ನವಾದರೆ ತಲೆ ಸಿಡಿಯುತ್ತದೆ, ಎದುರು ಬಂದವರ ಮೇಲೆ ಹರಿಹಾಯುತ್ತೇನೆ, ದ್ವಾದಶಿಯ ಪಾರಣೆ ಯಾವಾಗ ಎಂದು ಗಡಿಯಾರ ನೋಡುತ್ತೇನೆ. ಈ ಸಲ ಅದೊಂದೂ ಇಲ್ಲ. ಬೆಳಗಿನಿಂದ ಸಂಜೆಯ ತನಕ ಭಜನಾ ಮಂಡಳಿಯಲ್ಲಿ ನೆಟ್ಟಗೆ ಕೂತು ಹಾಡಿದೆ. "ಅಂಬಕ್ಕನ ಮುಖದ ಮ್ಯಾಲೆ ತೇಜ ಬಂದೈತಿ ನೋಡ್ರಿ" ಎಂದು ಎಲ್ಲರೂ ಹೇಳಿದರು. ತೇಜ ಎಲ್ಲಿಂದ ಬಂತೆಂದು ನಾನು ಹೇಳಲಿಲ್ಲ. ಒಂದು ಹನಿ ನೀರು ಮುಟ್ಟದ ಅಂಬುಬಾಯಿ ಬಾಯಿ ಕಟ್ಟಲಾರದೆ ಸೂಜಿ ಹಾಕಿಸಿಕೊಂಡಳಂತೆ ಎಂದರೆ ನಾನು ಮಂಡಳಿಯಲ್ಲಿ ಮುಖ ಎತ್ತಿ ಕೂಡುವುದು ಹೇಗೆ? ಮನೆಯಲ್ಲಿ ಗೊತ್ತಾದರೆ ಮಂಡಳಿಗೆ ಗೊತ್ತಾದ ಹಾಗೆಯೇ. ನೀನು ಕೊಟ್ಟ ಮಾತು ನೆನಪಿರಲಿ.

ಅಂದಿನಿಂದ ಚಾತುರ್ಮಾಸ್ಯ ಹಿಡಿದಿದ್ದೇನೆ. ಈ ತಿಂಗಳು ಶಾಕವ್ರತ, ಕಾಯಿಪಲ್ಲೆ ಹಣ್ಣು ಇಲ್ಲ. ನಿನ್ನ ಕಾಲೇಜು ಹೇಗಿದೆ ಬರೆ.

ನಿನ್ನ ಅವ್ವ
ಅಂಬುಬಾಯಿ


ಇಂಡಿ
೧೬ ಜುಲೈ ೨೦೨೫

ಅವ್ವಾ, ನಮಸ್ಕಾರ.

ನಿನ್ನ ಪತ್ರವನ್ನು ನಮ್ಮ ಕಾಲೇಜಿನ ಜವಾನ ಹಣಮಂತ್ರಾಯ ಎರಡೂ ಕೈಯಲ್ಲಿ ಹಿಡಿದು ತಂದ. "ಕೋರ್ಟಿಂದಲ್ರಿ ಮೇಡಂ, ಮನಿಯಿಂದ ಬಂದೈತಿ" ಎಂದು ಸಮಾಧಾನ ಹೇಳಿ ಕೊಟ್ಟ.

ನಿನ್ನ ತೂಕ ಇಳಿದದ್ದು ಸಂತೋಷ. ಉಳಿದದ್ದಕ್ಕೆಲ್ಲ ಸಿಟ್ಟಿದೆ. ಕೌಸರ ಡಾಕ್ಟರ್ ಕೊಟ್ಟ ಊಟದ ಚೀಟಿಯನ್ನೂ ನಿನ್ನ ಚಾತುರ್ಮಾಸ್ಯವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮಲಬದ್ಧತೆ ಆಗದಿರಲು ಕಾಯಿಪಲ್ಲೆ ತಿನ್ನಬೇಕು ಎಂದಿದ್ದಾರೆ, ಈ ತಿಂಗಳು ನಿನಗೆ ಕಾಯಿಪಲ್ಲೆ ಇಲ್ಲ. ಮೈಯಲ್ಲಿ ಶಕ್ತಿ ಉಳಿಯಲು ಮೊಸರು, ಹಾಲು, ಬೇಳೆ ಎಂದಿದ್ದಾರೆ. ಮುಂದಿನ ತಿಂಗಳು ಮೊಸರಿಲ್ಲ, ಅದರ ಮುಂದಿನ ತಿಂಗಳು ಹಾಲಿಲ್ಲ, ಕಡೆಯ ತಿಂಗಳು ಬೇಳೆಯಿಲ್ಲ. ಡಾಕ್ಟರ್ ತಿನ್ನು ಎಂದದ್ದನ್ನೆಲ್ಲ ನಿನ್ನ ದೇವರು ತಿಂಗಳಿಗೊಂದರಂತೆ ತೆಗೆಯುತ್ತ ಹೋಗಿದ್ದಾನೆ. ಮೊದಲು ಮೂರು ಭಕ್ಕರಿ ತಿನ್ನುವಾಗ ಇದು ನಡೆಯುತ್ತಿತ್ತು. ಈಗ ತಿನ್ನುವುದೇ ಒಂದು ಭಕ್ಕರಿ, ಅದರಲ್ಲೂ ಸಾರವಿಲ್ಲದಿದ್ದರೆ ಕರಗುವುದು ಬೊಜ್ಜಲ್ಲ, ತೊಡೆಯ ಮಾಂಸಖಂಡ. ಆಮೇಲೆ ಹೊಸ ಮೊಣಕಾಲು ಹಾಕಿಸಿಕೊಂಡು ಯಾವ ಬಲದ ಮೇಲೆ ಏಳುತ್ತೀ?

ವ್ರತ ಬಿಡು ಎಂದರೆ ನೀನು ಕೇಳುವವಳಲ್ಲ. ಆದ್ದರಿಂದ ಹೀಗೆ ಮಾಡು. ಈ ತಿಂಗಳು ಎರಡೂ ಹೊತ್ತು ಮೊಸರು, ಬೇಳೆ ಬಿಡಬೇಡ. ಇಸಬಗೋಲನ್ನು ದೊಡ್ಡ ಲೋಟ ನೀರಿನಲ್ಲಿ ತೆಗೆದುಕೋ, ಅದು ಕಾಯಿಪಲ್ಲೆಯಲ್ಲ ಎಂದು ನಾನು ಆಚಾರ್ಯರ ಹತ್ತಿರ ವಾದ ಮಾಡಲಿಕ್ಕೂ ತಯಾರಿದ್ದೇನೆ. ಒಂದೇ ಸಲ ತಾಟು ತುಂಬ ಬಡಿಸಿಕೊಳ್ಳದೆ ಸ್ವಲ್ಪ ಸ್ವಲ್ಪ ತಿನ್ನು. ಉಂಡ ಕೂಡಲೇ ಅಡ್ಡಾಗಬೇಡ. ಹೊಟ್ಟೆ ವಿಪರೀತ ನೋಯತೊಡಗಿ ಬೆನ್ನಿಗೆ ಹೋದರೆ, ವಾಂತಿ ನಿಲ್ಲದಿದ್ದರೆ, ದೇವರ ಮುಂದೆ ಕೂಡದೆ ಡಾಕ್ಟರ ಮುಂದೆ ಹೋಗಿ ಕೂಡು.

ಇನ್ನು ನೀರು. ಏಕಾದಶಿಗೆ ನೀರು ಕುಡಿಯಲೇಬೇಕು ಎಂದು ಡಾಕ್ಟರ್ ಹೇಳಿದಾಗ ನೀನು ಆಯಿತೆಂದು ತಲೆ ಅಲ್ಲಾಡಿಸಿದೆ, ನಾನು ಪಕ್ಕದಲ್ಲೇ ಇದ್ದೆ. ನಿನ್ನ ಬಿಪಿ ಗುಳಿಗೆ ಮೊದಲೇ ಮೈಯಿಂದ ನೀರು ತೆಗೆಯುವಂಥದ್ದು. ಉಪವಾಸದ ದಿನ ಸಕ್ಕರೆ ಬೇನೆಯ ಗುಳಿಗೆ ಬಿಡಬೇಕೆಂದೂ ಹೇಳಿದ್ದರು, ಬಿಟ್ಟೆಯೋ ಇಲ್ಲವೋ ನೀನು ಬರೆದೇ ಇಲ್ಲ.

ಇಪ್ಪತ್ತಾರಕ್ಕೆ ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ.

ನಿನ್ನ
ವಾಣಿ


ಬಸವನ ಬಾಗೇವಾಡಿ
೭ ಆಗಸ್ಟ್ ೨೦೨೫

ಚಿ. ವಾಣಿಗೆ ಆಶೀರ್ವಾದ.

ಸಿಂದಗಿಯಲ್ಲಿ ನೀನು ಮುಖ ಗಂಟು ಹಾಕಿಕೊಂಡು ನಿಂತಿದ್ದೆ, ತೂಕದ ಯಂತ್ರ ಎಂಬತ್ತೆಂಟು ತೋರಿಸಿದ ಮೇಲೆ ಸಡಿಲವಾದೆ. ಮುಖ ನೋಡಿಯೇ ಅಂಜಿದ್ದರಿಂದ ಒಂದು ವಿಷಯ ಅಲ್ಲಿ ಹೇಳಲಿಲ್ಲ, ಈಗ ಹೇಳುತ್ತೇನೆ. ನನ್ನ ತಲೆ ಹೇಗೆ ಓಡಿದೆ ನೋಡು.

ಸೂಜಿ ತೆಗೆದುಕೊಂಡ ಮರುದಿನ ಹೊಟ್ಟೆ ತೊಳಸುವುದು ಹೆಚ್ಚು. ಶನಿವಾರ ಚುಚ್ಚಿಕೊಂಡರೆ ರವಿವಾರ ಸುರೇಖಾ ಬಡಿಸಿದ್ದನ್ನೆಲ್ಲ ತಾಟಿನಲ್ಲಿ ಬಿಡುತ್ತೇನೆ, ಅವಳು ನನ್ನ ಮುಖ ನೋಡುತ್ತಾಳೆ. ಅದಕ್ಕೆ ಈ ಸಲ ಸೂಜಿಯನ್ನು ದಶಮಿಗೆ ತಂದೆ. ಸಂಕಟವೆಲ್ಲ ಏಕಾದಶಿಗೆ ಬಂತು. ಅವತ್ತು ಹೇಗೂ ಊಟವಿಲ್ಲ, ಬಿಡುವುದೂ ಇಲ್ಲ, ಕೇಳುವವರೂ ಇಲ್ಲ. ಏಕಾದಶಿ ಹದಿನೈದು ದಿನಕ್ಕೊಮ್ಮೆ, ಸೂಜಿ ವಾರಕ್ಕೊಮ್ಮೆ. ದಿನ ಒಂದು ಹಿಂದೆ ಮುಂದೆ ಮಾಡಿದರೆ ಎರಡೂ ಜೋಡಿಯಾಗಿ ಹೋಗುತ್ತವೆ. ಇದನ್ನು ಕೌಸರ ಡಾಕ್ಟರಬಾಯಿಗೆ ಹೇಳಬೇಡ, ಅವರಿಗೆ ಪಂಚಾಂಗ ತಿಳಿಯುವುದಿಲ್ಲ. ಎರಡು ಸಲ ವಾಂತಿಯಾಯಿತು, ನಲ್ಲಿ ಬಿಟ್ಟುಕೊಂಡು ಮಾಡಿದೆ, ಯಾರಿಗೂ ಗೊತ್ತಾಗಲಿಲ್ಲ. ನೀರಿನ ವಿಷಯ ನೀನು ಬರೆದದ್ದು ನೆನಪಿದೆ. ದ್ವಾದಶಿಗೆ ಎರಡು ತಂಬಿಗೆ ಒಟ್ಟಿಗೇ ಕುಡಿದೆ, ಸರಿಹೋಯಿತು. ಸಕ್ಕರೆ ಗುಳಿಗೆ ಬಿಟ್ಟಿದ್ದೆ. ಬಿಪಿ ಗುಳಿಗೆ ದಿನದ ರೂಢಿ, ಅದನ್ನು ಬಿಡುವುದಿಲ್ಲ.

ಇನ್ನೊಂದು ಮಾತು, ನಿನಗಷ್ಟೇ. ಮೊದಲು ಏಕಾದಶಿ ಎಂದರೆ ನನಗೆ ಹಸಿವು. ಅದನ್ನೇ ದೇವರ ಮುಂದೆ ಇಡುತ್ತಿದ್ದೆ, ಇದಕ್ಕಿಂತ ಹೆಚ್ಚಿನದು ನನ್ನ ಹತ್ತಿರ ಏನಿತ್ತು? ಈಗ ಹಸಿವೇ ಇಲ್ಲ. ಮನೆಯಲ್ಲಿಲ್ಲದ ಆಕಳನ್ನು ದಾನ ಕೊಟ್ಟು ಹೊಗಳಿಸಿಕೊಂಡ ಹಾಗಿದೆ. ಮಂಡಳಿಯವರು ಕಾಲಿಗೆ ಬೀಳುವಾಗ ಸ್ವಲ್ಪ ಕಸಿವಿಸಿಯಾಗುತ್ತದೆ. ಸ್ವಲ್ಪ ಮಾತ್ರ, ಸುಳ್ಳು ಯಾಕೆ ಹೇಳಲಿ.

ನಿನ್ನ ಅಣ್ಣನಿಗೆ ಈಗ ಬುದ್ಧಿ ಬಂದಿದೆ. ಶಾಕವ್ರತ ಮುಗಿದ ದಿನವೇ ದಾಳಿಂಬೆ ತಂದು, ತಾನೇ ಬಿಡಿಸಿ ಬಟ್ಟಲಲ್ಲಿ ಹಾಕಿ ಕೊಟ್ಟ. ಸಾಲೆಯಲ್ಲಿ ಪಾಠ ಮುಗಿಸಿ ಬಂದವನು ಮೊಬೈಲ್ ಹಿಡಿಯದೆ ನನ್ನ ಹತ್ತಿರ ಕೂಡುತ್ತಾನೆ. ಉಡುಪಿ ನೋಡಬೇಕೆಂದಿದ್ದೆಯಲ್ಲ, ಈಗಲೇ ಹೋಗಿ ಬರೋಣವೇ ಎಂದು ಕೇಳಿದ. ಮೊಣಕಾಲು ಆಗಲಿ, ಆಮೇಲೆ ಹತ್ತು ಸಲ ಹೋಗೋಣ ಎಂದೆ. ಎದ್ದು ಒಳಗೆ ಹೋದ.

ಬಾಚಿದರೆ ಕೂದಲು ಉಂಡೆ ಉಂಡೆ ಬರುತ್ತದೆ, ಯಾಕೆ?

ನಿನ್ನ ಅವ್ವ
ಅಂಬುಬಾಯಿ


ಇಂಡಿ
೧೪ ಆಗಸ್ಟ್ ೨೦೨೫

ಅವ್ವಾ,

ಕೂದಲು ಯಾಕೆಂದರೆ ನೀನು ತಿನ್ನುವುದು ಗುಬ್ಬಿಯಷ್ಟು, ಅದರಲ್ಲಿ ಈ ತಿಂಗಳು ಮೊಸರೂ ಇಲ್ಲ. ಹಾಲು, ಬೇಳೆ, ಶೇಂಗಾ ಇವೆ, ತಿನ್ನು.

ನಿನ್ನ ಜಾಣತನವನ್ನು ಎರಡು ಸಲ ಓದಿದೆ. ವಾಂತಿಯಾಗುವ ದಿನವೇ ಹೆಚ್ಚು ನೀರು ಬೇಕು, ನೀನು ಅದೇ ದಿನವನ್ನು ಹುಡುಕಿ ನೀರು ಬಿಟ್ಟಿದ್ದೀ. ಮರುದಿನ ಎರಡು ತಂಬಿಗೆ ಕುಡಿದರೆ ಹಿಂದಿನ ದಿನ ಒಣಗಿದ ಮೂತ್ರಪಿಂಡಕ್ಕೆ ಅದು ಸಾಲುವುದಿಲ್ಲ. ಶನಿವಾರಕ್ಕೆ ಮರಳಿ ಹೋಗು. ಹೋದರೆ ಮಾತ್ರ ನಾನು ಡಾಕ್ಟರಿಗೆ ಹೇಳುವುದಿಲ್ಲ.

ಅಣ್ಣನದು ಮೊದಲಿನಿಂದಲೂ ಮಾತು ಕಡಿಮೆ, ಪ್ರೀತಿ ಇದ್ದವನೇ. ಅವನಿಗಾದರೂ ಹೇಳು.

ವಾಣಿ


ಬಸವನ ಬಾಗೇವಾಡಿ
೧೦ ಸೆಪ್ಟೆಂಬರ್ ೨೦೨೫

ಚಿ. ವಾಣಿಗೆ,

ಫೋನಿನಲ್ಲಿ ಕೇಳುವ ಧೈರ್ಯವಾಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅವ್ವನಿಗೆ ಏನಾಗಿದೆ?

ಬಳೆಗಳು ಮೊಣಕೈ ತನಕ ಜಾರುತ್ತವೆ. ಅರ್ಧ ಭಕ್ಕರಿಗೆ ಕೈ ತೊಳೆಯುತ್ತಾಳೆ. ಬಚ್ಚಲಿನ ಜಾಳಿಯಲ್ಲಿ ಕೂದಲು ತುಂಬಿರುತ್ತದೆ. ನಲ್ಲಿ ಬಿಟ್ಟು ವಾಂತಿ ಮಾಡುತ್ತಾಳೆ, ನಮಗೆ ಕೇಳುವುದಿಲ್ಲ ಎಂದುಕೊಂಡಿದ್ದಾಳೆ. ತಿಂಗಳಿಗೊಮ್ಮೆ ಕಣ್ಣು ತೋರಿಸಲಿಕ್ಕೆಂದು ಸಿಂದಗಿಗೆ ಹೋಗುತ್ತಾಳೆ, ಅಲ್ಲಿಗೆ ನೀನೂ ಬರುತ್ತೀ. ನಮ್ಮ ಸಾಲೆಯ ಆರಿಫ ಸರ್ ತಮ್ಮ ತಾಯಿಯನ್ನೂ ಸಿಂದಗಿಗೇ ಕರೆದುಕೊಂಡು ಹೋಗುತ್ತಿದ್ದರು, ಹೊರಗಿನಿಂದ ದೊಡ್ಡ ಡಾಕ್ಟರು ಅಲ್ಲಿಗೆ ಬರುತ್ತಾರಂತೆ. ಅವರ ತಾಯಿಗೂ ಹೀಗೇ ಆಗಿತ್ತು. ಈಗ ಅವರಿಲ್ಲ.

ಆ ಬೇನೆಯ ಹೆಸರನ್ನು ನಾನು ಬರೆಯುವುದಿಲ್ಲ. ಎಲ್ಲಿಗಾಗಿದೆ, ಎಷ್ಟು ಮುಂದೆ ಹೋಗಿದೆ ಎಂದಷ್ಟು ತಿಳಿಸು. ನನಗೆ ಹೇಳಬಾರದೆಂದು ಅವಳು ಆಣೆ ಹಾಕಿಸಿದ್ದರೆ ನಾನು ಗೊತ್ತಿಲ್ಲದವನಂತೆಯೇ ಇರುತ್ತೇನೆ. ಸುರೇಖಾಳಿಗೂ ಹೇಳುವುದಿಲ್ಲ.

ನಿನ್ನ ಅಣ್ಣ
ಶ್ರೀವಲ್ಲಭ


ಇಂಡಿ
೧೫ ಸೆಪ್ಟೆಂಬರ್ ೨೦೨೫

ಅವ್ವಾ,

ಅಣ್ಣ ಪತ್ರ ಬರೆದಿದ್ದಾನೆ. ನಿನಗೆ ದೊಡ್ಡ ಬೇನೆಯಾಗಿದೆ ಎಂದು ತಿಳಿದಿದ್ದಾನೆ. ದಾಳಿಂಬೆ, ಉಡುಪಿ ಎಲ್ಲ ಅದಕ್ಕೇ. ಓದಿ ನನಗೆ ಅಳು ಬಂತು. ನಾನು ಅವನಿಗೆ ಹೇಳಿಬಿಡುತ್ತೇನೆ, ಒಪ್ಪಿಗೆ ಕೊಡು. ನೀನೇ ಹೇಳಿದರೆ ಇನ್ನೂ ಒಳ್ಳೆಯದು. ಔಷಧ ತೆಗೆದುಕೊಳ್ಳುವುದು ಕಳವಲ್ಲ. ಸಕ್ಕರೆ ಇದೆ, ಮೊಣಕಾಲು ಸವೆದಿದೆ, ಡಾಕ್ಟರ್ ನೋಡಿ ಬರೆದುಕೊಟ್ಟಿದ್ದಾರೆ.

ನನ್ನನ್ನು ಈ ಸಂದಿಯಲ್ಲಿ ನಿಲ್ಲಿಸಬೇಡ. ಬೇಗ ಬರೆ.

ವಾಣಿ


ಬಸವನ ಬಾಗೇವಾಡಿ
೨೦ ಸೆಪ್ಟೆಂಬರ್ ೨೦೨೫

ಚಿ. ವಾಣಿಗೆ ಆಶೀರ್ವಾದ.

ಶ್ರೀವಲ್ಲಭನಿಗೆ ಸಣ್ಣವನಿದ್ದಾಗಿನಿಂದ ಇದೇ ಗುಣ. ಹೊಟ್ಟೆ ನೋವು ಬಂದರೆ ಪರೀಕ್ಷೆ ತಪ್ಪಿತು ಎಂದು ಅಳುವವನು. ನಾನು ಗಟ್ಟಿಯಾಗಿ ಓಡಾಡಿಕೊಂಡಿದ್ದೇನೆ, ಕಣ್ಣಿಗೆ ಕಾಣುವುದಿಲ್ಲವೇ ಅವನಿಗೆ?

ಹೇಳುವುದು ಬೇಡ. ಮೊನ್ನೆ ಸುರೇಖಾಳ ಚಿಕ್ಕಪ್ಪನ ಮಗಳು ಸೊಲ್ಲಾಪುರದಲ್ಲಿ ತೂಕ ಇಳಿಸುವ ಕ್ಲಿನಿಕ್ಕಿಗೆ ಹೋದಳೆಂದು ಕೇಳಿದಾಗ, ತಿನ್ನುವಾಗ ಲಕ್ಷ್ಯ ಇಲ್ಲದವರಿಗೆ ಇವೆಲ್ಲ ಬೇಕು ಎಂದು ನಾನೇ ನಾಲ್ಕು ಜನರ ಮುಂದೆ ಅಂದಿದ್ದೇನೆ. ಸುರೇಖಾ ಅಲ್ಲೇ ಇದ್ದು ಕೇಳಿಸಿಕೊಂಡಳು. ಈಗ ಅವಳ ಮುಂದೆ ಯಾವ ಬಾಯಿಂದ ಹೇಳಲಿ? ಎಂಬತ್ತನಾಲ್ಕಕ್ಕೆ ಬಂದಿದ್ದೇನೆ. ಇನ್ನು ನಾಲ್ಕು ಕಿಲೋ. 'ಹೆದರಬೇಡ, ಸಕ್ಕರೆಗೆ ಬೇರೆ ಔಷಧ ನಡೆದಿದೆ' ಎಂದು ಬರೆದು ಅವನನ್ನು ಸುಮ್ಮನಾಗಿಸು. ಸುಳ್ಳೇನಲ್ಲವಲ್ಲ.

ಈಗ ಕ್ಷೀರವ್ರತ, ಹಾಲಿಲ್ಲ, ಮೊಸರು ತಿನ್ನುತ್ತಿದ್ದೇನೆ. ಮೆಟ್ಟಿಲು ಇಳಿಯುವಾಗ ತೊಡೆ ನಡುಗುತ್ತದೆ. ದಸರೆಯ ಮರುದಿನದ ಏಕಾದಶಿಗೆ ಮಂಡಳಿಯವರೆಲ್ಲ ಟೆಂಪೋ ಮಾಡಿಕೊಂಡು ಮುದ್ದೇಬಿಹಾಳಕ್ಕೆ ಭಜನೆಗೆ ಹೊರಟಿದ್ದೇವೆ, ನನ್ನ ತಂಗಿ, ನಿನ್ನ ಮೌಶಿಯ ಓಣಿಯ ಗುಡಿಯಲ್ಲೇ. ಅಷ್ಟರೊಳಗೆ ನನ್ನ ಮರ್ಯಾದೆ ತೆಗೆಯಬೇಡ.

ನಿನ್ನ ಅವ್ವ
ಅಂಬುಬಾಯಿ


ಇಂಡಿ
೨೪ ಸೆಪ್ಟೆಂಬರ್ ೨೦೨೫

ಅಣ್ಣಾ,

ಹೆದರಬೇಡ. ಸಕ್ಕರೆಗೆ ಬೇರೆ ಔಷಧ ನಡೆದಿದೆ, ಅದರಿಂದ ಹಸಿವು ಕಡಿಮೆಯಾಗಿದೆ. ಇದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡ, ದಯಮಾಡಿ.

ವಾಣಿ


ಇಂಡಿ
೯ ಅಕ್ಟೋಬರ್ ೨೦೨೫

ಅವ್ವಾ, ನಮಸ್ಕಾರ.

ನಿನ್ನನ್ನು ಮುದ್ದೇಬಿಹಾಳದ ಆಸ್ಪತ್ರೆಯಿಂದ ಮನೆಗೆ ತಂದು ಬಿಟ್ಟು ಬಂದಾಗಿನಿಂದ ನನಗೆ ಪಾಠ ಮಾಡಲು ಮನಸ್ಸಿಲ್ಲ. ನೀನು ಮತ್ತೆ ದಶಮಿಗೇ ಸೂಜಿ ಹಾಕಿಕೊಂಡಿದ್ದೆ. ಅದೂ ದಸರೆಯ ಹೋಳಿಗೆ ಉಂಡ ದಿನ. ಮರುದಿನವಿಡೀ ವಾಂತಿ, ಒಂದು ಹನಿ ನೀರಿಲ್ಲ, ಮೇಲೆ ಬಿಪಿ ಗುಳಿಗೆ ಬೇರೆ. ಮೂತ್ರಪಿಂಡ ಅರ್ಧ ಕೆಲಸ ನಿಲ್ಲಿಸಿತ್ತು, ಸಲೈನ್ ಏರಿಸಿದ್ದಕ್ಕೆ ತಿರುಗಿ ದಾರಿಗೆ ಬಂದಿದೆ ಎಂದು ಅಲ್ಲಿಯ ಡಾಕ್ಟರು ಹೇಳಿದರು. ದಿನ ಬದಲಿಸಿದ್ದನ್ನು ಆಗಸ್ಟಿನಲ್ಲೇ ಕೌಸರ ಡಾಕ್ಟರಿಗೆ ನಾನು ಹೇಳಬೇಕಿತ್ತು. ಹೇಳಲಿಲ್ಲ.

ಈಗ ಅವರು ಫೋನಿನಲ್ಲಿ ಹೇಳಿದ್ದನ್ನು ಬರೆಯುತ್ತೇನೆ, ಗೋಡೆಗೆ ಹಚ್ಚಿಕೋ. ರಕ್ತ ಪರೀಕ್ಷೆ ಸರಿಯಾಗುವ ತನಕ ಸೂಜಿ ಇಲ್ಲ. ಆಮೇಲೆ ಶುರು ಮಾಡಿದರೂ ಎಲ್ಲಕ್ಕಿಂತ ಸಣ್ಣ ಅಳತೆಯಿಂದ. ಬಿಪಿ ಗುಳಿಗೆ ಬದಲಾಗಿದೆ, ಹಳೆಯದನ್ನು ಮುಟ್ಟಬೇಡ. ದಿನಾ ಕುರ್ಚಿಯಿಂದ ಎದ್ದು ಕೂಡುವ ವ್ಯಾಯಾಮ. ನೀರಿಲ್ಲದ ಏಕಾದಶಿ ಇನ್ನು ಮೇಲೆ ಇಲ್ಲ. ಅದೇ ಬೇಕೆಂದರೆ ಸೂಜಿ ಬಿಡಬೇಕು. ಸೂಜಿ ಬಿಟ್ಟರೆ ತೂಕ ತಿರುಗಿ ಬರುತ್ತದೆ, ಮೊಣಕಾಲಿನ ಆಸೆ ಬಿಡಬೇಕು. ಎರಡರಲ್ಲಿ ಯಾವುದೆಂದು ನೀನೇ ಹೇಳಬೇಕಂತೆ.

ನಾನು ಶನಿವಾರ ಸಂಜೆ ಆಸ್ಪತ್ರೆಗೆ ಬಂದಾಗ ಅಣ್ಣ ನನ್ನ ಮುಖವನ್ನೂ ನೋಡದೆ ನಿನ್ನ ಚೀಲ ಕೈಗೆ ಕೊಟ್ಟು ಹೊರಗೆ ಹೋದ. ಇವತ್ತಿನ ತನಕ ನನ್ನ ಫೋನ್ ಎತ್ತಿಲ್ಲ. ಮೌಶಿಯನ್ನು ಕೇಳಿದರೆ ನಿಮ್ಮ ಅವ್ವನನ್ನೇ ಕೇಳು ಎನ್ನುತ್ತಾಳೆ. ನಾನು ಬರುವ ಮುಂಚೆ ಅಲ್ಲಿ ಏನಾಯಿತು?

ವಾಣಿ


ಬಸವನ ಬಾಗೇವಾಡಿ
೧೮ ಅಕ್ಟೋಬರ್ ೨೦೨೫

ಚಿ. ವಾಣಿಗೆ ಅವ್ವನ ಆಶೀರ್ವಾದ.

ಬರೆಯಲಿಕ್ಕೆ ತಡವಾಯಿತು. ಕೈಗೆ ಶಕ್ತಿ ಇರಲಿಲ್ಲ ಎನ್ನಬಹುದು, ಆದರೆ ಮನಸ್ಸಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಗುಡಿಯಲ್ಲಿ ಹಾಡುತ್ತಿದ್ದಾಗಲೇ ತಾಳ ಕೈಯಿಂದ ಜಾರಿತು, ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಆಸ್ಪತ್ರೆ. ಮೌಶಿ ಫೋನ್ ಮಾಡಿದ್ದಳು, ನಿನ್ನ ಅಣ್ಣ ಬಾಗೇವಾಡಿಯಿಂದ ಮೋಟರ್ ಸೈಕಲ್ ಮೇಲೆ ಬಂದಿದ್ದ, ಮುಖ ತುಂಬ ಧೂಳು. ಸಲೈನ್ ಹಚ್ಚಿದರೂ ವಾಂತಿ ನಿಲ್ಲಲಿಲ್ಲ. ಶನಿವಾರ ಬೆಳಿಗ್ಗೆ ವಾಂತಿಯಲ್ಲಿ ರಕ್ತದ ಎಳೆ ಕಂಡಿತು. ಡಾಕ್ಟರ್ ಹುಡುಗ, ನಿನಗಿಂತ ಸಣ್ಣವನು, ಮಂಪರು ಬರುವ ಔಷಧ ಕೊಟ್ಟು ಬಾಯಿಂದ ಕೊಳವೆ ಬಿಟ್ಟು ಹೊಟ್ಟೆ ನೋಡಬೇಕೆಂದ. ಹೊಟ್ಟೆ ಖಾಲಿ ಇದೆಯೇ ಎಂದು ಕೇಳಿದ. ನಿನ್ನ ಮೌಶಿ ಎದೆ ಉಬ್ಬಿಸಿ ಹೇಳಿದಳು, "ಆಕಿ ನಿನ್ನಿ ಏಕಾದಶಿ ಮಾಡ್ಯಾಳ್ರಿ. ಒಂದು ಹನಿ ನೀರು ಸೈತ ಮುಟ್ಟಿಲ್ಲ." ಆತನಿಗೆ ಸಮಾಧಾನವಾಯಿತು. ಬೇರೆ ಏನಾದರೂ ಔಷಧ, ಇಂಜೆಕ್ಷನ್ ನಡೆದಿದೆಯೇ ಎಂದು ನನ್ನನ್ನೇ ಕೇಳಿದ.

ನನಗೆ ಗೊತ್ತಿತ್ತು, ವಾಣಿ. ಕೌಸರ ಡಾಕ್ಟರಬಾಯಿ ಮೊದಲ ದಿನವೇ ಹೇಳಿದ್ದರು. ಈ ಸೂಜಿ ಇದ್ದರೆ ಉಂಡದ್ದು ಬೇಗ ಕೆಳಗಿಳಿಯುವುದಿಲ್ಲ, ಉಪವಾಸವಿದ್ದರೂ ಹೊಟ್ಟೆ ತುಂಬಿರಬಹುದು, ಮಂಪರಿನಲ್ಲಿ ಅದು ಮೇಲೆ ಬಂದು ಉಸಿರಿಗೆ ಹೋದರೆ ಜೀವಕ್ಕೇ ಕಷ್ಟ, ಯಾರು ಮಂಪರು ಕೊಟ್ಟರೂ ಮೊದಲು ಇದನ್ನು ಹೇಳಿ ಎಂದು. ಅಷ್ಟು ಗೊತ್ತಿದ್ದೂ ನಾನು ಕೋಣೆಯಲ್ಲಿ ಯಾರು ಯಾರಿದ್ದಾರೆ ಎಂದು ನೋಡಿದೆ. ಮೌಶಿ ಇದ್ದಳು, ಬಾಗಿಲಲ್ಲಿ ಮಂಡಳಿಯ ಇಬ್ಬರಿದ್ದರು. ಏನೂ ಇಲ್ಲ ಎನ್ನಲಿಕ್ಕೆ ಬಾಯಿ ತೆರೆದಿದ್ದೆ. ನಿನ್ನ ಅವ್ವ ಅಷ್ಟು ಜಂಬದವಳು.

ಅಷ್ಟರಲ್ಲಿ ಶ್ರೀವಲ್ಲಭ ಆ ಹುಡುಗನ ಮುಂದೆ ಕೈ ಮುಗಿದ. "ಸಿಂದಗಿಯೊಳಗ ಆಕಿದು ಬ್ಯಾರೆ ಟ್ರೀಟ್‌ಮೆಂಟ್ ನಡದೈತ್ರಿ ಸರ್. ನಮಗ ಹೇಳವಲ್ಲಳು. ನೀವು ಒಳಗ ನೋಡಿದ ಮ್ಯಾಲೆ, ಇನ್ನ ಎಷ್ಟು ದಿನ ಇರ್ತಾಳ ಅಂತ ಅಷ್ಟು ಹೇಳಿಬಿಡ್ರಿ" ಎಂದ.

ಮುಗಿದ ಕೈ ಇಳಿಸಲೇ ಇಲ್ಲ. ನನಗೆ ಆಗ ಮಂಡಳಿ ಕಾಣಲಿಲ್ಲ, ಮೌಶಿ ಕಾಣಲಿಲ್ಲ. "ತೂಕ ಇಳಸೋ ಸೂಜಿ ತಗೋತೇನ್ರಿ ಡಾಕ್ಟರ, ವಾರಕ್ಕೊಮ್ಮಿ. ಗುರುವಾರ ತಗೊಂಡೇನಿ" ಎಂದೆ. ಎಲ್ಲರಿಗೂ ಕೇಳುವ ಹಾಗೆ, ನನ್ನ ದನಿ ನಿನಗೆ ಗೊತ್ತಲ್ಲ.

ಡಾಕ್ಟರ್ ಕೂಡಲೇ ಕೊಳವೆಯ ಕೆಲಸ ನಿಲ್ಲಿಸಿ ಸ್ಕ್ಯಾನ್ ಮಾಡಿದ. ಗುರುವಾರದ ಹೋಳಿಗೆ ಶನಿವಾರವೂ ಹೊಟ್ಟೆಯಲ್ಲೇ ಕೂತಿತ್ತು. ರಕ್ತದ ಎಳೆ ವಾಂತಿ ಮಾಡಿ ಮಾಡಿ ಅನ್ನನಾಳ ಗೀರಿದ್ದರಿಂದ ಬಂದದ್ದಿರಬೇಕು ಎಂದ. ಒಂದು ಮಾತಿನಿಂದ ಉಳಿದಿರಿ ಎಂದು ಹೇಳಿದ. ಶ್ರೀವಲ್ಲಭ ನನ್ನ ಹತ್ತಿರ ಬಂದು, "ಅಷ್ಟ? ಬ್ಯಾರೆ ಏನೂ ಇಲ್ಲ?" ಎಂದ. ಏನೂ ಇಲ್ಲವೋ ಎಂದೆ. ಮಂಚದ ಕಾಲಿಗೆ ಆತು ನೆಲದ ಮೇಲೆ ಕೂತುಬಿಟ್ಟ. ಹೆಂಗಸರೆಲ್ಲ ನೋಡುತ್ತಿರುವಾಗಲೇ ಬಿಕ್ಕಿ ಬಿಕ್ಕಿ ಅತ್ತ. ನಿಮ್ಮ ಅಪ್ಪ ಹೋದಾಗಲೂ ಅವನು ಹಾಗೆ ಅತ್ತಿರಲಿಲ್ಲ. ಆಷಾಢದಿಂದ ಇವನು ನಾನು ಸಾಯುತ್ತೇನೆಂದು ಒಳಗೊಳಗೇ ಅಳುತ್ತಿದ್ದ, ನಾನು ಅದೇ ಮನೆಯಲ್ಲಿ ರವಿಕೆ ಸಡಿಲಾಯಿತೆಂದು ಖುಷಿಪಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ಎದೆಯಲ್ಲಿ ಸಂಕಟವಾಗುತ್ತದೆ, ಅದಕ್ಕೆ ಯಾವ ಡಾಕ್ಟರ ಹತ್ತಿರವೂ ಗುಳಿಗೆಯಿಲ್ಲ. ನಿನ್ನ ಮೇಲೆ ಅವನಿಗೆ ಸಿಟ್ಟಿದೆ. ನೀನು ಬರೆದದ್ದು ನಾನು ಹೇಳಿ ಬರೆಸಿದ್ದು ಎಂದು ತಿಳಿಸಿದ್ದೇನೆ, ಒಂದು ರವಿವಾರ ಬಂದು ನೀನೇ ಮಾತಾಡಿಸು.

ಸುರೇಖಾ ಒಂದು ಕೊಂಕು ಮಾತನ್ನೂ ಆಡಲಿಲ್ಲ. ಊದುಬತ್ತಿಯ ಡಬ್ಬಿ ಫ್ರಿಜ್ಜಿನಲ್ಲಿ ಯಾಕಿದೆ ಎಂದು ಜುಲೈಯಿಂದ ಯೋಚಿಸುತ್ತಿದ್ದಳಂತೆ. ಅವಳ ಚಿಕ್ಕಪ್ಪನ ಮಗಳ ಬಗ್ಗೆ ನಾನು ಆಡಿದ ಮಾತು ತಪ್ಪಾಯಿತು ಎಂದೆ, "ಇರ್ಲಿ ಬಿಡ್ರಿ" ಎಂದು ಗಂಜಿ ಮುಂದಿಟ್ಟಳು. ಮಂಡಳಿಯವರಿಗೆ ನಾನೇ ಕರೆದು ಹೇಳಿದೆ. ಹಾಗಾದರೆ ಆಷಾಢದಿಂದ ಮಾಡಿದ ಏಕಾದಶಿಗಳು ಏನಾದವು ಎಂದು ಒಬ್ಬಳು ಕೇಳಿದಳು. ಅವನ್ನು ಸೂಜಿ ಮಾಡಿತು, ನಾನು ಮಾಡಲಿಲ್ಲ ಎಂದೆ. ಒಬ್ಬೊಬ್ಬರಾಗಿ ಎದ್ದು ಹೊರಟರು. ಆಮೇಲೆ ಇಬ್ಬರು ಹಿಂದೆ ಉಳಿದು, ಸಿಂದಗಿಯ ಡಾಕ್ಟರು ಯಾವ ವಾರ ಸಿಗುತ್ತಾರೆ ಎಂದು ಕೇಳಿಕೊಂಡು ಹೋದರು. ನೀರು ಕುಡಿಯುವುದನ್ನು ಮೊದಲು ಕಲಿಯಿರಿ ಎಂದು ಹೇಳಿ ಕಳಿಸಿದೆ.

ರಕ್ತ ಪರೀಕ್ಷೆ ಬಹಳ ಮಟ್ಟಿಗೆ ಸರಿಯಾಗಿದೆ. ಸೂಜಿಯನ್ನು ಸಣ್ಣ ಅಳತೆಯಿಂದ ಮತ್ತೆ ಶುರು ಮಾಡುತ್ತೇನೆ ಎಂದು ಕೌಸರ ಡಾಕ್ಟರಬಾಯಿಗೆ ತಿಳಿಸು. ಶನಿವಾರವೇ. ದ್ವಿದಳವ್ರತವನ್ನು ಬಿಟ್ಟಿದ್ದೇನೆ, ಬೇಳೆ ತಿನ್ನುತ್ತಿದ್ದೇನೆ.

ನಿನ್ನೆ ಏಕಾದಶಿ. ಸಾಲೆಗೆ ಹೊರಡುವ ಮುಂಚೆ ಶ್ರೀವಲ್ಲಭ ಒಂದು ತಂಬಿಗೆ ನೀರು ತಂದು ನನ್ನೆದುರು ಕೂತ. ಕುಡಿ ಎನ್ನಲಿಲ್ಲ. ನಾನು ದೇವರ ಮನೆಯ ಕಡೆ ನೋಡಿದೆ, ಅವನ ಕಡೆ ನೋಡಿದೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಬಿಡದೆ ಮಾಡಿದ್ದು, ವಾಣಿ. ಸ್ವಲ್ಪ ಸ್ವಲ್ಪವಾಗಿ ಅಷ್ಟನ್ನೂ ಕುಡಿದೆ. ಅವನು ತಂಬಿಗೆ ಬಗ್ಗಿಸಿ ನೋಡಿ ಎದ್ದು ಹೋದ.

ದೇವರು ಸಿಟ್ಟಾಗಿದ್ದರೆ ಅವನನ್ನು ಸಮಾಧಾನ ಮಾಡುವುದು ನನಗೆ ಗೊತ್ತು, ಬಹಳ ವರ್ಷದ ಪರಿಚಯ. ನಿನ್ನ ಅಣ್ಣ ಮಾತ್ರ ಇನ್ನೂ ನನ್ನನ್ನು ನಂಬುವುದಿಲ್ಲ. ನಾನು ಅಡ್ಡಾದಾಗ ಮೆಲ್ಲಗೆ ಬಂದು, ಉಸಿರಾಡುತ್ತಿದ್ದೇನೆಯೇ ಎಂದು ಬಗ್ಗಿ ನೋಡಿ ಹೋಗುತ್ತಾನೆ. ಎಚ್ಚರವಿದ್ದರೂ ನಾನು ಕಣ್ಣು ಬಿಡುವುದಿಲ್ಲ, ಅವನಿಗೆ ಚೆನ್ನಾಗಿ ಕಾಣಲಿ ಎಂದು ಉಸಿರನ್ನು ಜೋರಾಗಿ ಎಳೆದು ಬಿಡುತ್ತೇನೆ.

ನಿನ್ನ ಅವ್ವ
ಅಂಬುಬಾಯಿ